ಮಾಳಿಗೆಮನೆಗೆ ಬಂದ ಅತಿಥಿ

ಸಂಡೂರಿನ ಕಣಿವೆಯನ್ನು ಬಿಟ್ಟು ಕೂಡ್ಲಿಗಿಯ ಕಡೆಗೆ ಹೊರಟ ದಾರಿಯಲ್ಲಿ ಯಶವಂತನಗರವಿದೆ. ಅದಿರನ್ನು ಸಾಗಿಸಲು ಸ್ವಾಮಿಹಳ್ಳಿಯವರೆಗೆ ಹಾಕಿದ ರೈಲುಹಳಿಯೂ ಈ ಊರನ್ನು ಮುಟ್ಟಿಯೇ ಮುಂದುವರಿಯುತ್ತದೆ. ಹಂಪಿಯನ್ನು ನೋಡಲೆಂದು ಹೊಸಪೇಟೆಯಲ್ಲಿ ಇಳಿದ ಪ್ರವಾಸಿಗರು ಇಷ್ಟು ದೂರ ಬರುವುದು ಅಪರೂಪ. ಬಂದವರೂ ಬೆಟ್ಟದ ಮೇಲಿನ ಕುಮಾರಸ್ವಾಮಿಯ ಮತ್ತು ಪಾರ್ವತಿಯ ಗುಡಿಗಳನ್ನು ಕಂಡು, ಕಾಡಿನ ಹಸುರನ್ನೂ ಗಣಿಯ ಕೆಂಪನ್ನೂ ಒಂದೇ ನೋಟದಲ್ಲಿ ನೋಡಿ ಬೆರಗಾಗಿ, ಸಂಜೆಯ ಹೊತ್ತಿಗೆ ಹೊಸಪೇಟೆಯ ಹೋಟೆಲಿಗೆ ಹಿಂದಿರುಗುತ್ತಾರೆ.

ಆದರೆ ಸಂಡೂರಿನಿಂದ ಕಂಪ್ಲಿಯವರೆಗೆ ಹರಡಿದ ಹಳ್ಳಿಗಳಲ್ಲಿ, ಪ್ರವಾಸದ ಕೈಪಿಡಿಗಳು ಸಾಮಾನ್ಯವಾಗಿ ಹೆಸರಿಸದ ಒಂದು ಬಗೆಯ ಕಟ್ಟಡ ಉಂಟು. ಅದೇ ಬೇಸಾಯಗಾರನ ಹಳೆಯ ಮಾಳಿಗೆಮನೆ. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಈಗ ಬೀಗ ಬಿದ್ದಿದೆ. ಎತ್ತುಗಳು ಹೋದ ಮೇಲೆ ಗೋದಲಿಗೆ ಕೆಲಸವಿಲ್ಲ. ಧಾನ್ಯವು ಕಣದಿಂದ ನೇರವಾಗಿ ಪೇಟೆಗೆ ಹೋಗತೊಡಗಿದ ಮೇಲೆ ಹಗೇವಿಗೆ ಕೆಲಸವಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಪಡಸಾಲೆಗೂ ಕೆಲಸವಿಲ್ಲ. ಇಂತಹ ಮನೆಗಳನ್ನು ಕೆಡವದೆ, ಪಟ್ಟಣದ ಸಂಸಾರಗಳು ರಜೆಯಲ್ಲಿ ಬಂದು ನಾಲ್ಕು ದಿನ ತಂಗುವ ಬಿಡಾರಗಳನ್ನಾಗಿ ಮಾಡಬಹುದೆ? ಮಾಡಿದರೆ ಕೊನೆಗೆ ಉಳಿಯುವುದು ಮನೆಯೊ, ಬರಿಯ ಗೋಡೆಯೊ? ಈ ಪ್ರಶ್ನೆಗೆ ತುಂಗಭದ್ರೆಯ ದಡದಲ್ಲಿಯೇ ಎರಡು ಉತ್ತರಗಳು ದೊರೆತಿವೆ. ಎರಡಕ್ಕೂ ನಡುವೆ ಇರುವ ದೂರ ಕೆಲವೇ ಮೈಲಿ. ಆದರೆ ಒಂದರ ಗತಿಗೂ ಇನ್ನೊಂದರ ಗತಿಗೂ ಅಜಗಜಾಂತರ.

ಅಂಕಣದ ಲೆಕ್ಕ

ಮೊದಲು ಮನೆಯನ್ನು ಒಳಹೊಕ್ಕು ನೋಡಬೇಕು. ಬಯಲುಸೀಮೆಯಲ್ಲಿ ಮನೆಯ ದೊಡ್ಡಸ್ತಿಕೆಯನ್ನು ಅಳೆಯುತ್ತಿದ್ದುದು ಚದರಡಿಯಿಂದಲ್ಲ, ಅಂಕಣದಿಂದ. ನಾಲ್ಕು ಕಂಬಗಳ ನಡುವಿನ ಎಡೆ ಒಂದು ಅಂಕಣ. ಇಷ್ಟು ಅಂಕಣದ ಮನೆ ಎಂದರೆ ಸಾಕು, ಆ ಮನೆಯಲ್ಲಿ ಎಷ್ಟು ಜನ, ಎಷ್ಟು ಜೋಡಿ ಎತ್ತು, ಎಷ್ಟು ಹೊಲ ಎಂಬುದನ್ನು ಕೇಳಿದವರು ತಾವೇ ಊಹಿಸಿಕೊಳ್ಳುತ್ತಿದ್ದರು.

ಗೋಡೆ ಕಲ್ಲು ಮಣ್ಣಿನದು. ಹೊರಗಿನ ಬಿಸಿಲು ಒಳಗೆ ಮುಟ್ಟದಷ್ಟು ದಪ್ಪ. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ಬಳ್ಳಾರಿ ಸೀಮೆಯ ಸೆಖೆಗೆ ಈ ದಪ್ಪವೇ ಮದ್ದು. ತಲೆಬಾಗಿಲನ್ನು ದಾಟಿದರೆ ಎದುರಿಗೆ ಸಿಕ್ಕುವುದು ದನಗಳ ಅಂಕಣ. ಅದರಿಂದ ಎರಡು ಮೂರು ಅಡಿ ಎತ್ತರದಲ್ಲಿ ಮನುಷ್ಯರ ಪಡಸಾಲೆ. ದನವೂ ಮನುಷ್ಯನೂ ಒಂದೇ ಬಾಗಿಲಿನಿಂದ ಬಂದು, ಒಂದೇ ಸೂರಿನಡಿಯಲ್ಲಿ, ಮೇಲು ಕೆಳಗಿನ ಎರಡು ನೆಲಗಳ ಮೇಲೆ ಮಲಗುತ್ತಿದ್ದ ಕಾಲ ಅದು. ರಾತ್ರಿ ಎತ್ತು ಮೇವು ಬಿಟ್ಟಿತೆಂದರೆ ಯಜಮಾನನಿಗೆ ಮಲಗಿದಲ್ಲಿಯೇ ತಿಳಿಯುತ್ತಿತ್ತು. ಕಲ್ಲಿನ ಗೋದಲಿ, ನೆಲದಲ್ಲಿ ಹೂತ ಒರಳು, ಮೂಲೆಯಲ್ಲಿ ಬೀಸುಕಲ್ಲು, ಕತ್ತಲೆಯ ಒಳಮನೆಯಲ್ಲಿ ಸಾಲುಗಡಿಗೆಗಳು, ನೆಲದ ಕೆಳಗೆ ಜೋಳವನ್ನು ತುಂಬಿ ಬಾಯಿ ಮುಚ್ಚಿದ ಹಗೇವು, ಹೀಗೆ ಒಂದು ವರ್ಷದ ಬಾಳುವೆ ಆ ನಾಲ್ಕು ಗೋಡೆಗಳ ಒಳಗೇ ಅಡಕವಾಗಿತ್ತು.

ಈ ಮನೆಯ ಜಾಣತನವೆಲ್ಲ ಇರುವುದು ಅದರ ತಲೆಯ ಮೇಲೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಚೌಳುಮಣ್ಣಿನ ಹೊದಿಕೆ. ಬೆಳೆ ಬಾರದ ಚೌಳುನೆಲದ ಉಪ್ಪುಮಣ್ಣನ್ನು ತಂದು ಮಾಳಿಗೆಗೆ ಹಾಕುವುದರಲ್ಲಿ ಒಂದು ಅರ್ಥವಿದೆ. ಈ ಮಣ್ಣು ನೆನೆದಾಗ ಅದರ ನುಣುಪಾದ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗೆ ಇಳಿಯದೆ ಹರಿದುಹೋಗುತ್ತದೆ. ಉಪ್ಪಿನ ದೆಸೆಯಿಂದ ಹುಲ್ಲು ಬೇರೂರುವುದೂ ಕಡಿಮೆ. ಹೊಲಕ್ಕೆ ಬೇಡವಾದ ಮಣ್ಣು ಮನೆಗೆ ಕೊಡೆಯಾಯಿತು! ಮಾಳಿಗೆಯ ನಡುವೆ ಬೆಳಕಿಂಡಿ. ಹಗಲು ಅದರಿಂದ ಬಿಸಿಲಿನ ಕೋಲು ಇಳಿದು ಪಡಸಾಲೆಯ ಮೇಲೆ ಗಡಿಯಾರದಂತೆ ಸರಿಯುತ್ತದೆ. ಮಳೆ ಬಂದರೆ ಅದರ ಮೇಲೆ ಒಂದು ಮುಚ್ಚಳ.

ಆದರೆ ಈ ಮಾಳಿಗೆಗೆ ಒಂದು ಹಟವಿದೆ. ಪ್ರತಿವರ್ಷ ಮುಂಗಾರಿಗೆ ಮುಂಚೆ ಯಾರಾದರೂ ಮೇಲೆ ಹತ್ತಿ, ಬಿರುಕುಗಳನ್ನು ಮುಚ್ಚಿ, ಹೊಸಮಣ್ಣನ್ನು ಹರಡಿ ತುಳಿಯಬೇಕು. ಒಂದು ವರ್ಷ ತಪ್ಪಿದರೆ ಸೋರುತ್ತದೆ. ಹಲವು ವರ್ಷ ತಪ್ಪಿದರೆ ಜಂತಿ ಕೊಳೆತು ಅಂಕಣ ಕುಸಿಯುತ್ತದೆ. ಕಲ್ಲಿನ ಗುಡಿ ಮನುಷ್ಯನಿಲ್ಲದೆ ಐದುನೂರು ವರ್ಷ ನಿಂತೀತು. ಹಂಪಿಯೇ ಅದಕ್ಕೆ ಸಾಕ್ಷಿ. ಮಾಳಿಗೆಮನೆ ಮನುಷ್ಯನಿಲ್ಲದೆ ಕೆಲವು ಮಳೆಗಾಲಗಳನ್ನೂ ತಾಳಲಾರದು.

ಬೀಗ ಬಿದ್ದ ಬಗೆ

ಮನುಷ್ಯ ಹೊರಬಿದ್ದುದು ಒಂದೇ ದಿನದಲ್ಲಿ ಅಲ್ಲ. ೧೯೫೩ರಲ್ಲಿ ಪೂರ್ಣಗೊಂಡ ತುಂಗಭದ್ರೆಯ ಅಣೆಕಟ್ಟು ಕಂಪ್ಲಿ ಹೊಸಪೇಟೆಗಳ ಕಡೆಯ ಬೇಸಾಯಕ್ಕೆ ಹೊಸ ಬಲವನ್ನು ಕೊಟ್ಟಿತು. ಕೈಯಲ್ಲಿ ಹಣ ಆಡಿದವರು ಕಾಂಕ್ರೀಟಿನ ಮನೆಗಳನ್ನು ಕಟ್ಟಿದರು. ಟ್ರ್ಯಾಕ್ಟರು ಬಂದಿತು, ಎತ್ತು ಹೋಯಿತು. ಸಂಡೂರಿನ ಕಡೆ ನಡೆದುದು ಬೇರೆ ಕಥೆ. ೨೦೦೦ದ ನಂತರದ ವರ್ಷಗಳಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿದಾಗ ದಾರಿಗಳಲ್ಲೆಲ್ಲ ಲಾರಿಗಳ ಸಾಲು. ಹೊಲಗಳಲ್ಲಿ ಅದಿರಿನ ರಾಶಿ. ಎಲೆಯ ಮೇಲೆ, ಹತ್ತಿಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಕಟ್ಟುನಿಟ್ಟಿನ ನಿಬಂಧನೆಗಳೊಡನೆ ಗಣಿಗಳು ಒಂದೊಂದಾಗಿ ತೆರೆದುವು. ಆದರೆ ನಡುವೆ ಹೊಲವನ್ನು ಬಿಟ್ಟು ಲಾರಿಯನ್ನು ಹಿಡಿದವರೆಲ್ಲರೂ ಮರಳಿ ನೇಗಿಲಿಗೆ ಬರಲಿಲ್ಲ. ಮನೆ ಪಾಲಾಯಿತು, ಪಾಲಾದ ಮನೆಯ ಮಾಳಿಗೆಗೆ ಮಣ್ಣು ಹಾಕಿಸುವವರು ಯಾರು ಎಂಬುದು ತೀರ್ಮಾನವಾಗಲಿಲ್ಲ.

ಅರಮನೆಗೆ ಇಂತಹ ಕಷ್ಟವಿಲ್ಲ. ಸಂಡೂರಿನ ಘೋರ್ಪಡೆ ಅರಸರ ಶಿವವಿಲಾಸ ಅರಮನೆಯೂ ಈಗ ಅತಿಥಿಗಳಿಗೆ ಬಾಗಿಲು ತೆರೆದಿದೆ. ಅರಸನ ಮಂಚದಲ್ಲಿ ಮಲಗಬೇಕೆಂಬ ಆಸೆ ಯಾರಿಗಿಲ್ಲ? ಗೋದಲಿಯ ಪಕ್ಕದಲ್ಲಿ ಮಲಗಬೇಕೆಂಬ ಆಸೆಯನ್ನು ಹುಟ್ಟಿಸುವುದೇ ಕಷ್ಟದ ಕೆಲಸ.

ಆನೆಗೊಂದಿಯ ಉತ್ತರ

ಆ ಕಷ್ಟದ ಕೆಲಸಕ್ಕೆ ಕೈಹಾಕಿದ ಊರು ಆನೆಗೊಂದಿ. ಹಂಪಿಗೆ ಎದುರಾಗಿ, ಹೊಳೆಯ ಆಚೆಯ ದಡದಲ್ಲಿ, ಕೊಪ್ಪಳ ಜಿಲ್ಲೆಗೆ ಸೇರಿದ ಹಳ್ಳಿ. ವಿಜಯನಗರಕ್ಕಿಂತಲೂ ಹಳೆಯದೆಂಬ ಹೆಮ್ಮೆ ಈ ಊರಿಗೆ ಇದೆ. ತಳವಾರಘಟ್ಟದಿಂದ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ ಕಾಲ ಹೋಗಿ, ಈಗ ಬುಕ್ಕಸಾಗರ ಕಡೆಬಾಗಿಲುಗಳ ನಡುವಿನ ಸೇತುವೆಯ ಮೂಲಕ ಬಸ್ಸುಗಳು ಓಡಾಡುತ್ತವೆ. ಗಗನಮಹಲು, ಹುಚ್ಚಪ್ಪಯ್ಯನ ಮಠ ಇವುಗಳನ್ನು ನೋಡಿಕೊಂಡು ಬೀದಿಯಲ್ಲಿ ನಡೆದರೆ ಕಟ್ಟೆ, ತಲೆಬಾಗಿಲು, ಮಣ್ಣಿನ ಮಾಳಿಗೆಗಳ ಹಳೆಯ ಮನೆಗಳು ಕಾಣುತ್ತವೆ.

೧೯೯೭ರಲ್ಲಿ ಶಮಾ ಪವಾರ್ ಅವರು ಇಲ್ಲಿ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಸಂಸ್ಥೆ ಮೊದಲು ಹಿಡಿದುದು ಮನೆಯನ್ನಲ್ಲ, ಬಾಳೆಯ ನಾರನ್ನು. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ಬಾಳೆಯ ದಿಂಡಿನಿಂದ ನಾರು ತೆಗೆದು, ಹೊಸೆದು, ಚೀಲ ಬುಟ್ಟಿಗಳನ್ನು ಮಾಡಲು ಊರಿನ ಹೆಂಗಸರು ಕಲಿತರು. ಬೇಸಾಯ ಬಿಸುಟುದನ್ನು ಎತ್ತಿಕೊಂಡು ಬಾಳಿಗೆ ಆಧಾರ ಮಾಡಿಕೊಳ್ಳುವ ಈ ವಿವೇಕವೇ ಬೀಗ ಬಿದ್ದ ಮನೆಗಳಿಗೂ ಹಬ್ಬಿತು. ಪೇಶಗಾರರ ಮನೆ, ಊರಮ್ಮನ ಹೆಸರಿನ ಮನೆ, ಇಂತಹ ಕೆಲವು ಹಳೆಯ ಮನೆಗಳನ್ನು ಕೆಡವದೆ ದುರಸ್ತು ಮಾಡಿ ಅತಿಥಿಗಳಿಗೆ ಅಣಿಗೊಳಿಸಲಾಯಿತು. ಬೀದಿಯಿಂದ ನೋಡಿದವನಿಗೆ ಅದೂ ಊರಿನ ಇನ್ನೊಂದು ಮನೆಯೇ. ಎದುರಿನ ಕಟ್ಟೆಯ ಮೇಲೆ ಹಿರಿಯರು ಕುಳಿತಿರುತ್ತಾರೆ. ಪಕ್ಕದ ಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳುತ್ತದೆ. ಅತಿಥಿ ಊರಿನ ಹೊರಗೆ ಬೇಲಿಯೊಳಗೆ ಇರುವುದಿಲ್ಲ. ಊರಿನ ನಡುವೆ ನೆರೆಯವನಾಗಿ ಇರುತ್ತಾನೆ.

ಆನೆಗೊಂದಿಯಲ್ಲಿ ಮನೆಯನ್ನು ಮುಟ್ಟುವುದು ಸುಲಭವಲ್ಲ ಎಂಬುದನ್ನೂ ಹೇಳಬೇಕು. ಹಂಪಿಯ ಸ್ಮಾರಕಗಳನ್ನು ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದುದು ೧೯೮೬ರಲ್ಲಿ. ಹೊಳೆಗೆ ಕಟ್ಟತೊಡಗಿದ್ದ ಸೇತುವೆಗಳ ಕಾರಣದಿಂದ ೧೯೯೯ರಲ್ಲಿ ಅದು ಅಪಾಯದ ಪಟ್ಟಿಗೆ ಸೇರಿತು, ಹೊರಬಂದುದು ೨೦೦೬ರಲ್ಲಿ. ಈ ನಡುವೆ ಇಡೀ ಪ್ರದೇಶದ ಮೇಲ್ವಿಚಾರಣೆಗೆ ಒಂದು ಪ್ರಾಧಿಕಾರ ಏರ್ಪಟ್ಟಿತು. ಅಲ್ಲಿಂದ ಮುಂದೆ ಗೋಡೆಯನ್ನು ಎಬ್ಬಿಸುವವನು ಅಪ್ಪಣೆಯನ್ನು ಕೇಳಲೇಬೇಕು. ಹಳ್ಳಿಯವನಿಗೆ ಇದು ತೊಡಕೇ. ಆದರೆ ಇದ್ದ ಮನೆಯನ್ನು ಇದ್ದಂತೆ ಉಳಿಸಿ ದುಡಿಸಿಕೊಳ್ಳುವ ಬುದ್ಧಿಗೆ ಇಂತಹ ತೊಡಕೂ ಒಂದು ನೂಕು ಕೊಟ್ಟಿದ್ದರೆ ಆಶ್ಚರ್ಯವಿಲ್ಲ.

ನಡುಗಡ್ಡೆಯ ಉತ್ತರ

ಅದೇ ಹೊಳೆಯಲ್ಲಿ ಮೇಲಕ್ಕೆ, ವಿರೂಪಾಕ್ಷನ ಗುಡಿಗೆ ಎದುರಾಗಿ, ವಿರೂಪಾಪುರ ಗಡ್ಡಿ ಎಂಬ ನಡುಗಡ್ಡೆಯಿದೆ. ಸುತ್ತಲೂ ಬಂಡೆ, ನಡುವೆ ಬತ್ತದ ಗದ್ದೆ. ಹೊರದೇಶದ ಯುವಜನರು ದೋಣಿಯಲ್ಲಿ ದಾಟಿ ಬಂದು ಇಲ್ಲಿ ತಿಂಗಳುಗಟ್ಟಲೆ ತಂಗಲಾರಂಭಿಸಿದರು. ಗದ್ದೆಯ ಅಂಚಿನಲ್ಲಿ ಮೊದಲು ಒಂದು ಗುಡಿಸಲು. ಅನಂತರ ಗುಡಿಸಲುಗಳ ಸಾಲು. ಅನಂತರ ಉಪಾಹಾರಮಂದಿರ, ತೂಗುಮಂಚ, ದೀಪಮಾಲೆ. ಒಂದು ಬೆಳೆಯಿಂದ ಬರುತ್ತಿದ್ದ ಹಣ ಒಂದು ಋತುವಿನ ಬಾಡಿಗೆಯ ಮುಂದೆ ಚಿಕ್ಕದಾಗಿ ಕಂಡಿತು. ಬೇಸಾಯಗಾರ ಹೋಗಲಿ, ಯಾರಿಗೆ ತಾನೆ ಹಾಗೆ ಕಾಣದು? ಆದರೆ ಇಲ್ಲಿ ಅತಿಥಿಗಾಗಿ ಅಣಿಯಾದುದು ಹಳೆಯ ಮನೆಯಲ್ಲ, ನೆಲ. ಗದ್ದೆಯನ್ನು ನೋಡಲು ಬಂದವರಿಗಾಗಿ ಗದ್ದೆಯೇ ಅಷ್ಟಷ್ಟಾಗಿ ಕರಗುತ್ತ ಹೋಯಿತು.

೧೯೮೮ರ ಸರ್ಕಾರದ ಅಧಿಸೂಚನೆಯ ಪ್ರಕಾರ ಈ ನಡುಗಡ್ಡೆಯೂ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ೨೦೨೦ರ ಫೆಬ್ರವರಿ ೧೧ರಂದು ಸರ್ವೋಚ್ಚ ನ್ಯಾಯಾಲಯವು ಕಟ್ಟಡಗಳವರ ಮೇಲ್ಮನವಿಯನ್ನು ತಳ್ಳಿಹಾಕಿತು. ಮಾರ್ಚ್ ತಿಂಗಳಲ್ಲಿ ಯಂತ್ರಗಳು ಬಂದುವು. ಸಾಲುಸಾಲು ಬಿಡಾರಗಳು ನೆಲಸಮವಾದುವು. ಅದೇ ತಿಂಗಳ ಕೊನೆಗೆ ಮಹಾವ್ಯಾಧಿಯ ಕಾರಣದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಅಡಿಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ದೋಣಿ ನಡೆಸುತ್ತಿದ್ದವರು ಒಟ್ಟಿಗೆ ಬರಿಗೈಯಾದರು. ಕಾನೂನು ಸರಿಯೆ, ಸಂಸಾರದ ಕಣ್ಣೀರು ಸುಳ್ಳೆ ಎಂದು ಕೇಳಿದರೆ, ಎರಡೂ ನಿಜವೇ. ಆದರೆ ನಡುಗಡ್ಡೆಯ ಕಥೆಯಿಂದ ತಿಳಿಯುವ ಸಂಗತಿ ಒಂದುಂಟು: ಬೇಸಾಯವನ್ನು ಹಿಂದೆ ತಳ್ಳಿ ಎದ್ದ ಬಿಡಾರಕ್ಕೆ, ಬಿಡಾರ ಹೋದ ದಿನ ಹಿಂದಿರುಗಲು ನೆಲೆಯೇ ಇರುವುದಿಲ್ಲ.

ಎರಡು ನಿಬಂಧನೆಗಳು

ಇದನ್ನು ಮುಂಚಿತವಾಗಿಯೇ ಮನಗಂಡ ದೇಶ ಇಟಲಿ. ಎರಡನೆಯ ಮಹಾಯುದ್ಧದ ಅನಂತರ ಅಲ್ಲಿಯ ಬೆಟ್ಟದ ಹಳ್ಳಿಗಳ ಜನ ಕಾರ್ಖಾನೆಗಳನ್ನು ಅರಸಿ ನಗರಗಳಿಗೆ ಇಳಿದಾಗ, ಕಲ್ಲಿನ ಕೊಟ್ಟಿಗೆಗಳೂ ಕಣಜಗಳೂ ಅನಾಥವಾಗಿದ್ದುವು. ೧೯೮೫ರಲ್ಲಿ ಇಟಲಿ ದೇಶವು ಬೇಸಾಯಗಾರರು ಅತಿಥಿಗಳನ್ನು ಇಟ್ಟುಕೊಳ್ಳುವ ಬಗ್ಗೆ ಒಂದು ಕಾನೂನನ್ನು ಮಾಡಿತು. ೨೦೦೬ರಲ್ಲಿ ಅದನ್ನು ತಿದ್ದಿ ಹೊಸದಾಗಿ ಬರೆಯಿತು. ಎರಡರಲ್ಲಿಯೂ ತಿರುಳು ಒಂದೇ. ಮೊದಲನೆಯದು, ಅತಿಥಿಗಾಗಿ ಬಳಸುವುದು ಹೊಲದಲ್ಲಿ ಮೊದಲೇ ಇರುವ ಕಟ್ಟಡವಾಗಿರಬೇಕು. ಎರಡನೆಯದು, ಅತಿಥಿಸೇವೆಗಿಂತ ಬೇಸಾಯವೇ ಮುಖ್ಯವಾಗಿ ನಡೆಯುತ್ತಿರಬೇಕು. ಬೇಸಾಯವನ್ನು ಬಿಟ್ಟವನು ಹೋಟೆಲನ್ನು ನಡೆಸಲಿ, ಅದು ಬೇರೆ. ಈ ಹೆಸರನ್ನು ಮಾತ್ರ ಬಳಸಕೂಡದು.

ಭಾರತದಲ್ಲಿ ಈ ಬಗೆಯ ಯೋಚನೆಗೆ ಹೆಸರಾದುದು ಮಹಾರಾಷ್ಟ್ರದ ಬಾರಾಮತಿ. ೨೦೦೫ರ ಸುಮಾರಿಗೆ ಅಲ್ಲಿ ಆರಂಭವಾದ ಕೃಷಿಪ್ರವಾಸದ ಪ್ರಯೋಗ ಬೆಳೆದು, ೨೦೨೦ರಲ್ಲಿ ಆ ರಾಜ್ಯ ಇದಕ್ಕಾಗಿಯೇ ಒಂದು ನೀತಿಯನ್ನು ರೂಪಿಸಿತು. ಕರ್ನಾಟಕದಲ್ಲಿ ಕೊಡಗು, ಚಿಕ್ಕಮಗಳೂರುಗಳ ತೋಟದ ಮನೆಗಳು ಅತಿಥಿಗೃಹಗಳಾದುದು ಎಲ್ಲರಿಗೂ ತಿಳಿದ ವಿಷಯ. ಮನೆವಾಸದ ಬಗ್ಗೆ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯೂ ಒಂದು ಒಳ್ಳೆಯ ಕಟ್ಟನ್ನು ಹಾಕಿದೆ: ಬಾಡಿಗೆಯ ಕೋಣೆಗಳು ಆರನ್ನು ಮೀರಕೂಡದು, ಮನೆಯೊಡೆಯನು ಸಂಸಾರಸಮೇತ ಅಲ್ಲಿಯೇ ವಾಸವಾಗಿರಬೇಕು. ಇನ್ನು ಹೊಲದ ನೆಲವನ್ನು ಬೇರೆಯ ಕೆಲಸಕ್ಕೆ ಬಳಸಬೇಕಾದರೆ ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನಂತೆ ಭೂಪರಿವರ್ತನೆಯ ಅಪ್ಪಣೆ ಬೇಕು. ಊರೊಳಗಿನ ಹಳೆಯ ಮನೆಗೆ ಈ ತಾಪತ್ರಯ ಕಡಿಮೆ. ಹೊಲದ ನಡುವಿನ ಕೊಟ್ಟಿಗೆಗೆ ಹೆಚ್ಚು. ಕೈಹಾಕುವ ಮೊದಲು ತಿಳಿದುಕೊಂಡಿರುವುದು ಲೇಸು.

ಕೊಟ್ಟಿಗೆ ಕೋಣೆಯಾಗುವಾಗ

ಮಾಳಿಗೆಮನೆಯನ್ನು ಅತಿಥಿಗೆ ಒಪ್ಪುವಂತೆ ಮಾಡುವುದರಲ್ಲಿ ಎಲ್ಲಕ್ಕಿಂತ ಕಷ್ಟವಾದುದು ಸ್ನಾನದ ಮನೆ. ಮಣ್ಣಿನ ಗೋಡೆಗೆ ನೀರಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಆದುದರಿಂದ ಬಚ್ಚಲನ್ನೂ ಪಾಯಿಖಾನೆಯನ್ನೂ ಹಳೆಯ ಗೋಡೆಗೆ ತಗುಲಿಸದೆ, ಹಿತ್ತಿಲ ಕಡೆ ಬೇರೆಯಾಗಿ ಕಟ್ಟಿ, ಚಿಕ್ಕ ಹಾದಿಯಿಂದ ಸೇರಿಸುವುದು ಜಾಣತನ. ಎರಡನೆಯ ಎಚ್ಚರ ಸಿಮೆಂಟಿನದು. ಕಲ್ಲುಮಣ್ಣಿನ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ತೇವ ಒಳಗೇ ಸಿಕ್ಕಿ ಗೋಡೆ ಒಳಗಿನಿಂದ ಸಡಿಲವಾಗುತ್ತದೆ. ಸುಣ್ಣದ ಗಾರೆ ನಿಧಾನದ ಕೆಲಸ, ಆದರೆ ಅದೇ ತಕ್ಕುದು.

ದನಗಳ ಅಂಕಣವನ್ನು ಪಡಸಾಲೆಯ ಮಟ್ಟಕ್ಕೆ ಎತ್ತರಿಸಿ ಸಮಮಾಡಬೇಕೆಂದು ಮೇಸ್ತ್ರಿಗಳು ಹೇಳುವುದುಂಟು. ಹಾಗೆ ಮಾಡಿದರೆ ಮನೆಯ ಕಥೆಯೇ ಅಳಿಸಿಹೋಗುತ್ತದೆ. ಆ ಎರಡು ಮೆಟ್ಟಿಲು ಉಳಿಯಲಿ; ಗೋದಲಿ ಇದ್ದಲ್ಲಿಯೇ ಇರಲಿ; ಪಟ್ಟಣದ ಹುಡುಗ “ಇದೇನು?” ಎಂದು ಕೇಳಲಿ. ಹಗೇವಿನ ವಿಷಯದಲ್ಲಿ ಮಾತ್ರ ರಸಿಕತೆ ಸಲ್ಲದು. ಬಹುಕಾಲ ಮುಚ್ಚಿದ ಹಗೇವಿನೊಳಗಿನ ಗಾಳಿ ಪ್ರಾಣಾಂತಿಕವಾದುದು. ಹಿಂದಿನವರು ಬಾಯಿ ತೆರೆದು ಹೊತ್ತು ಕಳೆದು, ದೀಪವನ್ನು ಇಳಿಬಿಟ್ಟು ನೋಡಿ, ಅದು ಆರಲಿಲ್ಲವೆಂದಾಗ ಮಾತ್ರ ಆಳನ್ನು ಇಳಿಸುತ್ತಿದ್ದರು. ಮಕ್ಕಳು ಓಡಾಡುವ ಅತಿಥಿಮನೆಯಲ್ಲಿ ಅದರ ಬಾಯಿಗೆ ಭದ್ರವಾದ ಚಪ್ಪಡಿ ಇರತಕ್ಕದ್ದು.

ಇವೆಲ್ಲಕ್ಕಿಂತ ದೊಡ್ಡ ಮಾತು ದುಡಿಮೆಯದು. ಮಾಳಿಗೆಯ ಮಣ್ಣನ್ನು ಹದಮಾಡುವ, ಜಂತಿ ಹಾಕುವ ಅರಿವು ಉಳಿದಿರುವುದು ಕೂಲಿಯವರ ಮತ್ತು ಹಳೆಯ ಬಡಗಿಗಳ ಕೈಯಲ್ಲಿ. ಇದೇ ಮಾಳಿಗೆಯನ್ನು ತುಳಿದು ಗಟ್ಟಿಮಾಡಿದವರಲ್ಲಿ ಎಷ್ಟೋ ಜನ, ಜಾತಿಯ ಕಾರಣದಿಂದ, ಕೆಳಗೆ ಪಡಸಾಲೆಯ ಮೇಲೆ ಕಾಲಿಡುವಂತಿರಲಿಲ್ಲ. ಕಟ್ಟೆಯ ಕೆಳಗೇ ನಿಂತು ಕೂಲಿಯನ್ನು ಪಡೆದು ಹೋಗುತ್ತಿದ್ದರು. ಇಂದು ದೂರದ ಅತಿಥಿ ಹಣ ತೆತ್ತು ಆ ಪಡಸಾಲೆಯಲ್ಲಿ ಮಲಗುವನೆಂದರೆ, ಮಾಳಿಗೆಯನ್ನು ಕಾಯುವವನಿಗೂ ಬಾಗಿಲು ತೆರೆದಿರಬೇಕಾದುದು ನ್ಯಾಯ. ಹಾಗೆಯೇ ಅತಿಥಿಗೆ ರೊಟ್ಟಿ ತಟ್ಟುವ ಹೆಂಗಸಿನ ದುಡಿಮೆ ‘ಮನೆಗೆಲಸ’ವೆಂದು ಲೆಕ್ಕದಿಂದ ಜಾರಿಹೋಗಬಾರದು. ಬಾಡಿಗೆಯ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಬೇಕು.

ರಾಮನದುರ್ಗದ ಬಂಗಲೆಗಳು

ಸಂಡೂರಿನ ಸೀಮೆಗೆ ರಜೆಯ ಅತಿಥಿಗಳು ಹೊಸಬರಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಬಳ್ಳಾರಿಯ ದಂಡಿನ ಇಂಗ್ಲಿಷರು ಬಿಸಿಲನ್ನು ತಾಳಲಾರದೆ, ಮೂರು ಸಾವಿರ ಅಡಿಗೂ ಮಿಕ್ಕ ಎತ್ತರದ ರಾಮನದುರ್ಗದ ಮೇಲೆ ಆರೋಗ್ಯಧಾಮವನ್ನು ಕಟ್ಟಿಕೊಂಡಿದ್ದರು. ಅಲ್ಲಿ ಬಂಗಲೆಗಳೆದ್ದುವು. ಅತಿಥಿಗಳಿಗಾಗಿಯೇ ಕಟ್ಟಿದ ಮನೆಗಳು ಅವು. ಅವಕ್ಕೆ ಹೊಲವಿಲ್ಲ, ಕಣವಿಲ್ಲ, ಒಡೆಯನ ಸಂಸಾರವಿಲ್ಲ. ಅತಿಥಿಗಳು ಬರುವುದು ನಿಂತಿತು, ಬಂಗಲೆಗಳು ಹಾಳಾದುವು. ಇಂದು ಕಾಡಿನ ನಡುವೆ ಅವುಗಳ ಮುರುಕು ಗೋಡೆಗಳು ಮಾತ್ರ ಕಾಣುತ್ತವೆ.

ಯಶವಂತನಗರದ ಸುತ್ತಣ ಹಳ್ಳಿಗಳ ಮಾಳಿಗೆಮನೆಗಳಿಗೆ ರಾಮನದುರ್ಗದ ಗತಿಯೊ, ಆನೆಗೊಂದಿಯ ಗತಿಯೊ ಎಂಬುದನ್ನು ತೀರ್ಮಾನಿಸಬೇಕಾದವರು ಆ ಮನೆಗಳ ಒಡೆಯರು. ಆದರೆ ಪಟ್ಟಣದ ಸಂಸಾರಗಳಿಗೂ ಇದರಲ್ಲಿ ಒಂದು ಪಾಲಿದೆ. ಮಳೆ ಹಿಂದಾಗಿ ಬೆಟ್ಟಗಳೆಲ್ಲ ಹಸುರಾಗಿರುವ ಸೆಪ್ಟೆಂಬರಿನಲ್ಲಿ ಸಂಡೂರಿನ ಕಡೆಗೆ ಹೊರಡುವವರು, ಅತಿಥಿಗಳನ್ನು ಇಟ್ಟುಕೊಳ್ಳುವ ಹಳೆಯ ಮನೆ ಸಿಕ್ಕರೆ ಕೋಣೆಯಲ್ಲಿ ತಂಪುಯಂತ್ರ ಉಂಟೆ ಎಂದು ಕೇಳುವ ಮೊದಲು ಬೇರೆ ಮೂರು ಮಾತುಗಳನ್ನು ಕೇಳಬಹುದು. ಮನೆಯವರು ಇಲ್ಲಿಯೇ ವಾಸವಾಗಿದ್ದಾರೆಯೆ? ಈ ವರ್ಷ ಹೊಲದಲ್ಲಿ ಏನು ಬಿತ್ತಿದ್ದಾರೆ? ಮಾಳಿಗೆಗೆ ಮಣ್ಣು ಹಾಕಿದವರು ಯಾರು? ಮೂರಕ್ಕೂ ಉತ್ತರ ದೊರೆತರೆ ಅಲ್ಲಿ ಚಾಪೆ ಹಾಸಿಕೊಳ್ಳಬಹುದು. ಬೆಳಗಾಗುವಾಗ ಬೆಳಕಿಂಡಿಯಿಂದ ಇಳಿದ ಬಿಸಿಲು ಮಕ್ಕಳನ್ನು ತಾನೇ ಎಬ್ಬಿಸುತ್ತದೆ.